ಶ್ರೀ ಇಲ್ಲದ ಕಾರ್ಡು

ತೊಂಬತ್ತರ ದಶಕದಲ್ಲಿ ನಾನು ಮರಾಠಿ ನಾಡಿನ ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಮರಾಠಿ. ಸಂಜೆ ಖೋಲಿಗೆ ಬಂದರೆ ಯಾವ ಭಾಷೆಯೂ ಬೇಕಿರಲಿಲ್ಲ, ಮಾತಾಡಲು ಒಂದು ನರಪಿಳ್ಳೆಯಾದರೂ ಇರಬೇಕಲ್ಲ! ಭಾನುವಾರ ಬಂತೆಂದರೆ ಜೀವ ಹಾರುತ್ತಿತ್ತು. ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿ ಕೆದಕುತ್ತ ಹೊತ್ತು ಕಳೆಯುತ್ತಿದ್ದೆ.

ಹಾಗೆ ಒಮ್ಮೆ ಕನ್ನಡದ್ದೇ ಒಂದು ಬದರಿ ಯಾತ್ರೆಯ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ಸಾಸವಡದ ಒಬ್ಬ ಹೆಂಗಸಿನ ಹೆಸರು, ವಿಳಾಸ. ‘ನಿಮ್ಮ ಪುಸ್ತಕ ನನ್ನಲ್ಲಿದೆ, ಕಳಿಸಲೇ?’ ಎಂದು ಕಾರ್ಡು ಹಾಕಿದೆ. ಉತ್ತರ ಬಂತು: ‘ಇರ್ಲಿ ಬಿಡ್ರಿ. ನನ್ನ ಮೊಣಕಾಲು ಕೈಕೊಟ್ಟಾವ, ನಾ ಇನ್ನೆಲ್ಲಿ ಹೋಗ್ಲಿ? ನೀವರೆ ಬದರಿಗೆ ಹೋಗೀರೇನು?’

ಹೋಗಿದ್ದೇನೆ ಎಂದು ಬರೆದುಬಿಟ್ಟೆ. ಮುಂಬೈಯನ್ನೂ ಕಾಣದ ಮಹಾಶಯ ನಾನು! ಇಲ್ಲವೆಂದರೆ ಮುಂದಿನ ಪತ್ರ ಬರಲಿಕ್ಕಿಲ್ಲ ಎಂಬ ಹೆದರಿಕೆ. ಆಮೇಲೆ ಹಳೇ ಪ್ರವಾಸದ ಪುಸ್ತಕಗಳನ್ನು ಕೊಂಡು, ಅದರಿಂದಿಷ್ಟು ಇದರಿಂದಿಷ್ಟು ಎತ್ತಿ, ನಾಲ್ಕು ವರ್ಷ ಆಕೆಗೆ ಕಾಶಿ, ಕೇದಾರ, ದ್ವಾರಕೆ ಎಲ್ಲ ತೋರಿಸಿದೆ. ನನಗೆ ಆಕೆ ‘ಅಕ್ಕಾರು’, ಆಕೆಗೆ ನಾನು ‘ತಮ್ಮ’. ಪ್ರತಿ ಪತ್ರದ ಕೊನೆಗೆ ಒಂದೇ ಮಾತು: ‘ತಮ್ಮಾ, ಸ್ವಾರಗೇಟದಾಗ ಬಸ್ಸು ಹತ್ತಿದ್ರ ಒಂದು ತಾಸಿನ ಹಾದಿ. ಒಮ್ಮೆ ಬಂದು ಎದುರಿಗೆ ಕೂತು ಹೇಳಬಾರದ?’ ಯಾವ ಮುಖ ಹೊತ್ತು ಹೋಗಲಿ? ದೀಪಾವಳಿ ಆಗಲಿ, ಸಂಕ್ರಾಂತಿ ಆಗಲಿ ಎಂದು ಮುಂದೂಡುತ್ತ ಬಂದೆ.

ಒಂದು ದಿನ ಸಾಸವಡದಿಂದ ಬೇರೆ ಕೈಬರಹದ ಮರಾಠಿ ಕಾರ್ಡು ಬಂತು. ತಲೆಗೆ ‘ಶ್ರೀ’ ಇರಲಿಲ್ಲ. ನಮ್ಮಲ್ಲಿ ಶ್ರೀ ಇಲ್ಲದ ಕಾರ್ಡೆಂದರೆ ಸಾವಿನ ಸುದ್ದಿ. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ, ಹೊರಗೇ ಹರಿದು ಹಾಕುತ್ತಾರೆ. ‘ನಮ್ಮ ಅತ್ತೆ ಹೋದ ಗುರುವಾರ’ ಎಂಬಲ್ಲಿಯವರೆಗೆ ಓದಿ ಹರಿದು ಹಾಕಿದೆ, ತಲೆಯ ಮೇಲೆ ನೀರು ಹಾಕಿಕೊಂಡೆ. ಕಣ್ಣೀರೂ ಬಂತು. ಆದರೆ ಸುಳ್ಳೇಕೆ, ಇನ್ನು ಸಿಕ್ಕಿಬೀಳುವ ಭಯವಿಲ್ಲ ಎಂದು ಒಂದು ಗಳಿಗೆ ಹಾಯೆನಿಸಿದ್ದೂ ನಿಜ.

ನಾಲ್ಕು ತಿಂಗಳು ಅಂಚೆಯವನು ನನ್ನ ಬಾಗಿಲಿಗೆ ಬರಲೇ ಇಲ್ಲ. ಒಬ್ಬನೇ ಇದ್ದು ಇದ್ದು ತಡೆಯಲಾಗದೆ, ಮನೆಯವರನ್ನಾದರೂ ಮಾತಾಡಿಸಿ ಬರೋಣವೆಂದು ಸಾಸವಡಕ್ಕೆ ಹೋದೆ. ಬಾಗಿಲು ತೆರೆದವಳು ಸೊಸೆ. ಸೊಲ್ಲಾಪುರದ ಕಡೆಯವಳು, ಆಡುವುದು ಕನ್ನಡ, ಬರೆಯುವುದು ಮರಾಠಿ. ನಾನು ಯಾರೆಂದು ಹೇಳಿದ್ದೇ ತಡ, ಹರಿಹಾಯ್ದಳು.

‘ಈಗ ಬಂದ್ರೇನ್ರಿ ಅಣ್ಣಾರ? ಅತ್ತಿ ಬಿದ್ದು ಸೊಂಟ ಮುರಕೊಂಡಾರ, ನಿಮ್ಮನ್ನ ನೋಡಬೇಕಂತಾರ, ಜಲ್ದಿ ಬರ್ರಿ ಅಂತ ಗಡಿಬಿಡಿಯೊಳಗ ಕಾರ್ಡ ಬರದು ಹಾಕಿದ್ನೆಲ್ಲ! ಹೋದ ತಿಂಗಳ ತನಕ ಜೀವ ಹಿಡಕೊಂಡಿದ್ರು. ಬಸ್ಸಿನ ಸಪ್ಪಳ ಆದ್ರ ಸಾಕು, “ನೋಡವಾ, ನನ್ನ ತಮ್ಮ ಬಂದನೇನು” ಅಂತಿದ್ರು.’

ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದ ‘ಶ್ರೀ’!

‘ಕಾರ್ಡ ಮುಟ್ಟಲಿಲ್ಲ, ತಂಗಿ’ ಅಂದೆ.

ಪಾಪ, ಅದನ್ನೂ ನಂಬಿದಳು. ಒಳಗೆ ಕರೆದು ಚಹಾ ಕೊಟ್ಟಳು.