ಕಾಶಮ್ಮನವರ ಬೆರಳು ಮತ್ತು ಕೆಂಪು ಕಡ್ಡಿ

ಹುಮನಾಬಾದಿನ ಕಾಶಮ್ಮನವರ ಬೆರಳು ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಗೊತ್ತೇ ಆಗುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿದು, ಹಂಚಿನ ಮೇಲೆ ತಿರುವಿ ಹಾಕಿ, ಬೆರಳ ತುದಿ ಅಷ್ಟು ದಡ್ಡುಗಟ್ಟಿತ್ತು. ಮೌಸ್ ಇಟ್ಟರೆ ಹಿಟ್ಟು ಹೊಕ್ಕು ಕೆಡುತ್ತಿತ್ತು. ಹೀಗಾಗಿ ತಮ್ಮದೇ ರೊಟ್ಟಿ ಅಂಗಡಿಗೆ ಬಂದ ಆರ್ಡರ್ ನೋಡಲು ಅವರು ಮೈದುನನ ದಾರಿ ಕಾಯಬೇಕಿತ್ತು.

ಲ್ಯಾಪ್‌ಟಾಪ್ ರಿಪೇರಿ ಮಾಡುವ ನಾನು ಬಸವಕಲ್ಯಾಣದಿಂದ ಬೇರೊಂದು ಹಳೆಯ ಲ್ಯಾಪ್‌ಟಾಪಿಗೆ ಉಚಿತ ತಂತ್ರಾಂಶ ಲಿನಕ್ಸ್ ಹಾಕಿ ಒಯ್ದೆ. ಅದರ ಕೀಲಿಗಳ ನಡುವೆ ಕೆಂಪು ತಲೆಯ ಗಿಡ್ಡ ಕಡ್ಡಿಯಿದೆ; ಬೆರಳಿನಿಂದ ನೂಕಿದ ಕಡೆ ಪರದೆಯ ಬಾಣ ಹೋಗುತ್ತದೆ. ಕಾಶಮ್ಮ ನೂಕಿದರು. ಬಾಣ ಮೂಲೆಗೆ ಹಾರಿತು.

“ಇದ್ಯಾಕ ತಮ್ಮಾ, ಹಿಂಗ ಓಡಾಕತ್ತದ?”

“ಮೆತ್ತಗ ಒತ್ರಿ ಅಕ್ಕಾರ.”

“ಮೆತ್ತಗ ಒತ್ತೋ ಕೈ ಎಲ್ಲಿಂದ ತರ್ಲಿ? ನೀನೇ ಅದಕ್ಕ ಬುದ್ಧಿ ಹೇಳು.”

ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು ಕಡ್ಡಿಯ ವೇಗ ಇಳಿಸಿದೆ. ಮತ್ತೆ ಹಾರಿತು. ಇನ್ನೂ ಇಳಿಸಿದೆ. ಹೊಂದಿತು ಅನ್ನುವಷ್ಟರಲ್ಲಿ, ಬಂದ್ ಮಾಡಿ ಚಾಲೂ ಮಾಡಿದರೆ ಹಳೆಯ ವೇಗವೇ! ನನಗೂ ಹಟ ಬಂತು. ಚಾಲೂ ಆದಾಗಲೆಲ್ಲ ವೇಗ ತಾನೇ ಇಳಿಯುವಂತೆ ಫೈಲೊಂದನ್ನು ಬರೆದಿಟ್ಟೆ. ಈಗ ಬಾಣ ಕಾಶಮ್ಮ ಹೇಳಿದಲ್ಲಿ ಹೋಗಿ ನಿಂತಿತು. ಮೊದಲ ಸಲ ತಾವೇ ಆರ್ಡರ್ ತೆರೆದು, ಗಟ್ಟಿಯಾಗಿ ಓದಿದರು.

ಅಷ್ಟರಲ್ಲಿ ಮೈದುನ ಬಂದು ತನ್ನ ಮೆತ್ತನೆಯ ಬೆರಳಿನಿಂದ ಕಡ್ಡಿ ಒತ್ತಿದ. ಬಾಣ ಅಲುಗಲಿಲ್ಲ.

“ವೈನಿ, ಇದು ಕೆಟ್ಟದ.”

“ಕೆಟ್ಟಿಲ್ಲ. ಹಿಟ್ಟು ನಾದಿಟ್ಟೇನಿ. ಮೊದಲ ರೊಟ್ಟಿ ಬಡಿ, ಆಮ್ಯಾಗ ಒತ್ತು.”

ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕುವುದನ್ನು ಮರೆತೆನೆಂದು ನೆನಪಾದಾಗ ನನ್ನ ಬಸ್ಸು ದಾರಿ ನಡುವಿನ ರಾಜೇಶ್ವರಕ್ಕೆ ಬಂದಿತ್ತು. ಆ ಕಡ್ಡಿ ಬೇರೆಯವರ ಬೆರಳಿಗೆ ಬಗ್ಗುವುದಿಲ್ಲವಲ್ಲ, ತಿರುಗಿ ಹೋಗಬೇಕು ಅನ್ನಿಸಲಿಲ್ಲ.