ಘಾಟು ಇಳಿಯದ ಮಳಿಗೆ

ನಮ್ಮವರನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಬೆಳಗಿನ ಹೊತ್ತು ಅವರು ಖಾಲಿ ಮಳಿಗೆಗಳ ಶಟರ್ ಎತ್ತುತ್ತಿದ್ದ ಸದ್ದು. ಅದರ ಹಿಂದೆಯೇ ಅವರ ಕೆಮ್ಮು.

ಬ್ಯಾಡಗಿಯಲ್ಲಿ ನಮ್ಮ ಮಾವನವರದೊಂದು ಮೆಣಸಿನಕಾಯಿ ಗೋದಾಮಿತ್ತು. ಮಾವ ತೀರಿದ ಮೇಲೆ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ನಮ್ಮವರು ಮೆಣಸಿನಕಾಯಿ ವ್ಯಾಪಾರ ಬಿಟ್ಟು, ನಡುವೆ ಗೋಡೆ ಕಟ್ಟಿಸಿ ಸುಣ್ಣ ಹೊಡೆಸಿ ಅದನ್ನು ನಾಲ್ಕು ಮಳಿಗೆ ಮಾಡಿದರು. ಊರಲ್ಲಿ ಖಾರದಪುಡಿ ಗಿರಣಿಗಳು ಏಳುತ್ತಿದ್ದ ಕಾಲ. ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಕೈಯಲ್ಲೂ ಪಗಾರ ಓಡಾಡುತ್ತಿತ್ತು. ಆದರೆ ಮದುವೆಗೆ ಸೀರೆ ಬೇಕೆಂದರೆ ಎಲ್ಲರೂ ರಾಣೆಬೆನ್ನೂರಿಗೋ ಹಾವೇರಿಗೋ ಬಸ್ಸು ಹತ್ತುತ್ತಿದ್ದರು. ದುಡಿಯುವ ಊರಲ್ಲೇ ಕೊಳ್ಳುವ ಅಂಗಡಿಯೂ ಇರಬೇಕೆಂಬುದು ಅವರ ಹಟ.

ಯಾರೂ ಬರಲಿಲ್ಲ. ಬಳೆಯವರು, ಪಾತ್ರೆಯವರು, ಚಪ್ಪಲಿಯವರು ಎಲ್ಲರದೂ ಒಂದೇ ಮಾತು. ಮೊದಲು ಬಟ್ಟೆ ಅಂಗಡಿ ಬರಲಿ, ಹೆಣ್ಣುಮಕ್ಕಳು ಬಂದುಹೋಗುವುದು ಕಾಣಲಿ, ಆಮೇಲೆ ನೋಡೋಣ. ಖಾಲಿ ಮಳಿಗೆಗೂ ಇವರು ದಿನಾ ಕಸ ಹೊಡೆದು ಊದಿನಕಡ್ಡಿ ಹಚ್ಚಿ, ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅದನ್ನು ನೋಡಲು ಹೆದರಿ ನಾನು ಸಂತೆಗೆ ಹಿಂದಿನ ಓಣಿಯಿಂದ ಹೋಗುತ್ತಿದ್ದೆ. ಆ ಬಾಡಿಗೆ ಬಿಟ್ಟರೆ ನಮ್ಮ ಮನೆ ನಡೆಯಲು ಬೇರೆ ದಾರಿ ಇರಲಿಲ್ಲ.

ರಾಣೆಬೆನ್ನೂರಿನ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಗೆ ಇವರು ಅಲೆದಲೆದ ಮೇಲೆ, ಕಡೆಗೆ ಅವರು ಮಳಿಗೆ ನೋಡಲು ಒಪ್ಪಿದರು. ಜೊತೆಗೆ ಅವರ ತಾಯಿಯೂ ಬಂದರು. ಆ ಮನೆಯಲ್ಲಿ ತಾಯಿಯದೇ ಕೊನೆಯ ಮಾತು ಎಂದು ಇವರು ಮೊದಲೇ ಹೇಳಿದ್ದರು.

ಬಿಸಿಲಿತ್ತು. ನಮ್ಮವರು ದೊಡ್ಡ ಮಳಿಗೆ ತೆರೆದು, ಹೊಸದಾಗಿ ಹಾಕಿಸಿದ್ದ ಫ್ಯಾನು ಹಚ್ಚಿದರು. ಅದು ತಿರುಗತೊಡಗಿದ್ದೇ ತಡ, ಆ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮಗ ಸೀನಿದರು, ಮತ್ತೆ ಸೀನಿದರು. ನಾವಿಬ್ಬರೂ ಏನಾಯಿತೆಂದು ತಿಳಿಯದೆ ನಿಂತಿದ್ದೆವು.

“ಘಾಟು ಐತ್ರೀ,” ಎಂದರು ವ್ಯಾಪಾರಿ, ಕಣ್ಣೊರೆಸಿಕೊಳ್ಳುತ್ತ. “ಗಿರಾಕಿ ಸೀರಿ ರೇಟ್ ಕೇಳಿ ಅಳ್ಲಿ, ಅಂಗಡಿ ಒಳಗ ಕಾಲಿಟ್ಟ ಕೂಡ್ಲೆ ಅತ್ರ ಹ್ಯಾಂಗ?”

“ಸುಣ್ಣಾ ಹೊಡಿಸೇನ್ರಿ. ಈಗೇನೂ ಇಲ್ಲಲ್ರೀ, ಅವ್ವಾರ,” ಎಂದರು ನಮ್ಮವರು.

ಆ ತಾಯಿ ವಾದಿಸಲಿಲ್ಲ. ನನ್ನ ಉಡಿಗೆ ಹಾಕಲೆಂದು ತಂದಿದ್ದ ಎರಡು ಕುಪ್ಪಸದ ಖಣಗಳಲ್ಲಿ ಒಂದನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಿಸಿದರು. ನಮ್ಮ ಮನೆಗೆ ಬಂದು ಅವಲಕ್ಕಿ ತಿಂದು, ಚಹಾ ಕುಡಿದು, ಮತ್ತೆ ಹೋಗಿ ಅದನ್ನು ತೆಗೆದು ಮೂಸಿದರು. ಮಗನಿಗೆ ಕೊಟ್ಟರೆ ಅವರು ಮುಖ ತಿರುಗಿಸಿದರು. ಆಮೇಲೆ ನಮ್ಮವರಿಗೆ ಕೊಟ್ಟರು. ಇವರು ಅದನ್ನು ಮುಖಕ್ಕೆ ಒತ್ತಿಕೊಂಡು ದೀರ್ಘವಾಗಿ ಉಸಿರೆಳೆದರು.

“ಹೊಸ ಅರಿವಿ ವಾಸನಿ ಅಷ್ಟ ಐತ್ರೀ.”

ನಾನೂ ಮೂಸಿದೆ. ನನಗೂ ಅಷ್ಟೇ. ಹೊಸರಿತ್ತಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಸೀನಿ ಸೀನಿ ಸೋತು, ಹೊಸ ಮೂಗು, ಹೊಂದಿಕೊಳ್ಳುತ್ತದೆ ಎಂದು ಅತ್ತೆಯಿಂದ ನಗೆಚಾಟಿಕೆ ಮಾಡಿಸಿಕೊಂಡವಳು. ಅದು ಯಾವಾಗ ಹೊಂದಿಕೊಂಡಿತೋ ನನಗೇ ಗೊತ್ತಿರಲಿಲ್ಲ. ಅಂದು ಮೊದಲ ಬಾರಿಗೆ ನನ್ನ ಹೆದರಿಕೆ ಖಾಲಿ ಮಳಿಗೆಯಿಂದ ನಮ್ಮವರ ಕೆಮ್ಮಿನ ಕಡೆಗೆ ತಿರುಗಿತು.

ಗೋಡೆಯ ಗಿಲಾವು ಕೆರೆಸಿರಿ, ಹಳೆಯ ತೊಲೆ ತೆಗೆಸಿರಿ, ಒಂದು ಮಳೆಗಾಲ ಕಳೆಯಲಿ, ಮತ್ತೆ ಬಂದು ಖಣ ಹಾಕಿ ನೋಡುತ್ತೇನೆ ಎಂದು ಹೇಳಿ, ಮೊಳೆಗೆ ಹಾಕಿದ್ದನ್ನು ಬದಿಗಿಟ್ಟು ಇನ್ನೊಂದನ್ನು ನನ್ನ ಉಡಿಗೆ ಹಾಕಿ ಆ ತಾಯಿ ಹೊರಟರು.

ಆಳುಗಳ ಜೊತೆ ಇವರೂ ನಿಂತು ಗೋಡೆ ಕೆರೆದರು. ಕೆಂಪು ಧೂಳು ಹುಬ್ಬಿನ ಮೇಲೆ ಕೂತಿರುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಕಟ್ಟಿಕೊಳ್ಳುತ್ತಿದ್ದರು, ನಾನು ಅತ್ತ ಹೋದೊಡನೆ ಕೆಳಗಿಳಿಸುತ್ತಿದ್ದರು. ಆ ಮಳೆಗಾಲವೆಲ್ಲ ಮನೆಯಲ್ಲಿ ಅವರ ಕೆಮ್ಮು. ನಮ್ಮೂರಲ್ಲಿ ಕೆಮ್ಮದವರು ಯಾರು ಎಂದು ಅವರೇ ನಗುತ್ತಿದ್ದರು.

ದಸರೆ ಕಳೆದ ಮೇಲೆ ಆ ತಾಯಿ ಮತ್ತೆ ಬಂದರು. ಮತ್ತೊಂದು ಖಣ ಹಾಕಿಸಿದರು. ಈ ಸಲ ಮನೆಯಲ್ಲಿ ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು. ಮಳಿಗೆಗೆ ವಾಪಸು ಹೋಗಿ ಆ ತಾಯಿ ಖಣ ತೆಗೆದು ಮೂಸಿದರು. ನನ್ನ ಮೂಗನ್ನು ನಂಬುವಂತಿರಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ.

“ಇಳದೈತಿ,” ಎಂದರು.

ನಮ್ಮವರು ನಕ್ಕರು. ನಗು ಕೆಮ್ಮಾಯಿತು. ನಿಲ್ಲಲಿಲ್ಲ. ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಆ ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಗ್ವಾಡಿ ಕೆರೆಸಿದ್ರಿ, ಛಲೋ ಆತು. ಇನ್ನ ಇವರನ್ನ ಲಗೂ ದವಾಖಾನಿಗೆ ಕರಕೊಂಡು ಹೋಗವಾ.”

ಬಟ್ಟೆ ಅಂಗಡಿ ಬಂತು. ಬಳೆಯವರು, ಪಾತ್ರೆಯವರು ಅದರ ಹಿಂದೆಯೇ ಬಂದರು. ಇವರನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಎದೆ ಬಹಳ ಕೆಟ್ಟಿದೆ ಎಂದ ಡಾಕ್ಟರು ಘಾಟೇ ಕಾರಣ ಎಂದು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕೆಲವು ವರ್ಷ ನಮ್ಮವರು ತುಂಬಿದ ಮಳಿಗೆಗಳ ಮುಂದೆ ಅದೇ ಕುರ್ಚಿಯಲ್ಲಿ ಕೂತರು. ಸಂತೆಗೆ ಹೋಗುವಾಗ ನಾನು ಈಗ ಮುಂದಿನ ದಾರಿಯಲ್ಲೇ ಹೋಗುತ್ತಿದ್ದೆ, ಅವರು ಕೂತಿದ್ದಾರೆಯೇ ಎಂದು ನೋಡಲು. ಒಂದು ದಿನ ಆ ಕುರ್ಚಿಯೂ ಖಾಲಿಯಾಯಿತು.

ಮೊದಲ ದಿನ ಮೊಳೆಗೆ ಹಾಕಿದ್ದ ಖಣವನ್ನು ನಾನು ಒಗೆಯದೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ಮೂಸಿದರೆ ನನಗೆ ಏನೂ ತಿಳಿಯುವುದಿಲ್ಲ. ಬೇರೆ ಊರಿನ ನೆಂಟರು ಬಂದಾಗ ಅವರ ಕೈಗೆ ಕೊಟ್ಟು, ಘಾಟು ಇದೆಯೇ ನೋಡಿರಿ ಎಂದು ಕೇಳಬೇಕೆನಿಸುತ್ತದೆ. ಇದೆ ಎಂದುಬಿಟ್ಟರೆ ಎಂದು ಹೆದರಿ, ಟ್ರಂಕು ತೆರೆಯದೆ ಅವರಿಗೆ ಚಹಾ ಮಾಡಲು ಏಳುತ್ತೇನೆ.