ಅಮಾವಾಸ್ಯೆಗೆ ಮುಂದೂಡಿದ ರಿಸ್ಟೋರ್

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಹೈದರಾಬಾದಿನ ಕೇಂದ್ರ ಸರ್ಕಾರಿ ಉದ್ದಿಮೆಯೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತಳಾಗಿ ಕಾಚಿಗೂಡದ ಮನೆಯಲ್ಲಿ ಆರಾಮಾಗಿದ್ದೆ. ಕೋಠಿಯಲ್ಲಿ ಔಷಧಿಗಳ ಹೋಲ್‌ಸೇಲ್ ವ್ಯಾಪಾರ ನಡೆಸುವ ಶರಣಪ್ಪನವರು ನಮ್ಮ ಕಲಬುರಗಿ ಕಡೆಯವರೇ. ತಮ್ಮ ಕಂಪ್ಯೂಟರುಗಳ ಮೇಲೆ ಒಂದು ಕಣ್ಣಿಡಬೇಕೆಂದು ಕೇಳಿದರು, ಒಪ್ಪಿಕೊಂಡೆ. ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಾತು ಖಾರವಾದರೆ ಅದಕ್ಕೆ ಕಾರಣವಿದೆ.

ಅವರಲ್ಲಿದ್ದದ್ದು ಒಂದೇ ಸರ್ವರ್. ಅದರೊಳಗೆ ನಾಲ್ಕು ವರ್ಚುವಲ್ ಮಷಿನ್‌ಗಳು, ಅಂದರೆ ಒಂದೇ ಯಂತ್ರದಲ್ಲಿ ಸಾಫ್ಟ್‌ವೇರ್ ಕಟ್ಟಿಕೊಟ್ಟ ನಾಲ್ಕು ಬೇರೆ ಬೇರೆ ಕಂಪ್ಯೂಟರುಗಳು. ಒಂದೇ ವಠಾರದ ನಾಲ್ಕು ಸಂಸಾರಗಳಿದ್ದಂತೆ. ಅವುಗಳಲ್ಲಿ ಮುಖ್ಯವಾದದ್ದು ಬಿಲ್ಲಿಂಗ್ ಮಷಿನ್. ಯಾವ ಔಷಧಿಯ ಯಾವ ಬ್ಯಾಚ್ ಯಾವ ಮೆಡಿಕಲ್ ಅಂಗಡಿಗೆ ಹೋಯಿತು ಎಂಬ ವಿವರ ಅದರಲ್ಲಿ ಮಾತ್ರ ಇತ್ತು. ಕಾಗದದ ಪ್ರತಿ ಇಡುವುದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು. ಔಷಧಿಯಲ್ಲಿ ದೋಷವಿದೆಯೆಂದು ತಿಳಿದರೆ ಅದನ್ನು ವಾಪಸ್ ತರಿಸಲು ಆ ವಿವರವೇ ಆಧಾರ.

ಬ್ಯಾಕಪ್‌ಗೆ ಎರಡು ದಾರಿಗಳಿದ್ದವು. ಮಷಿನ್ ಒಳಗೆ ಏನೂ ಹಾಕದೆ, ಹೊರಗಿನಿಂದಲೇ ಅದರ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದು ನಕಲು ಮಾಡುವುದು ಒಂದು. ಒಳಗೆ ಏಜೆಂಟ್ ಎಂಬ ಪುಟ್ಟ ಸಾಫ್ಟ್‌ವೇರ್ ಕೂರಿಸಿ ಅಲ್ಲಿಂದಲೇ ಡೇಟಾ ತೆಗೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ. ಮೂರು ಮಷಿನ್‌ಗಳಿಗೆ ನಾನೂ ಅದನ್ನೇ ಸೂಚಿಸಿದೆ. ಬಿಲ್ಲಿಂಗ್ ಮಷಿನ್‌ಗೆ ಮಾತ್ರ ಏಜೆಂಟ್ ಬೇಕೇ ಬೇಕು ಎಂದೆ. ಆ ಮಷಿನನ್ನು ಮೊದಲು ಕಟ್ಟಿದವರು ಡೇಟಾ ಇರುವ ಡಿಸ್ಕನ್ನು ‘ಇಂಡಿಪೆಂಡೆಂಟ್’ ಎಂದು ಜೋಡಿಸಿಬಿಟ್ಟಿದ್ದರು. ಅಂಥ ಡಿಸ್ಕನ್ನು ಸ್ನ್ಯಾಪ್‌ಶಾಟ್ ಮುಟ್ಟುವುದೇ ಇಲ್ಲ.

ಬ್ಯಾಕಪ್ ಮಾರುವ ಕಂಪನಿಯ ಸೇಲ್ಸ್‌ನವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಮಷಿನ್ ಅಳಿಸಿ, ಚಹಾ ಮುಗಿಯುವುದರೊಳಗೆ ಅದನ್ನು ಎಬ್ಬಿಸಿ ತೋರಿಸಿದ. ಏಜೆಂಟ್ ಎಲ್ಲ ಹಳೇ ಕಾಲದ್ದು, ತಮ್ಮ ಸಾಫ್ಟ್‌ವೇರ್ ಕಣ್ಣಿಗೆ ಯಾವ ಡಿಸ್ಕೂ ತಪ್ಪುವುದಿಲ್ಲ ಎಂದ. ಆ ಡಿಸ್ಕ್ ವಿಷಯ ತೆಗೆದಾಗ ನಕ್ಕು ಮಾತು ಬದಲಿಸಿದ. ಶರಣಪ್ಪನವರು ಚಹಾದ ಜೊತೆಗೆ ಅವನ ಮಾತನ್ನೂ ಕುಡಿದರು. ನಿಮ್ಮ ಸರ್ಕಾರಿ ಪದ್ಧತಿ ನಮಗೆ ಬೇಡ ಎಂದು ನನಗೆ ನಯವಾಗಿ ಹೇಳಿದರು.

ಹಾಗಾದರೆ ಬಿಲ್ಲಿಂಗ್ ಮಷಿನ್ ಒಮ್ಮೆ ರಿಸ್ಟೋರ್ ಮಾಡಿ ನೋಡೋಣ, ಬ್ಯಾಕಪ್‌ನಿಂದ ಡೇಟಾ ನಿಜವಾಗಿ ವಾಪಸ್ ಬರುತ್ತದೋ ಇಲ್ಲವೋ ತಿಳಿಯಲಿ ಎಂದು ಪಟ್ಟು ಹಿಡಿದೆ. ಇನ್ನೊಂದು ಸರ್ವರ್ ಇಲ್ಲದ್ದರಿಂದ ಅದಕ್ಕಾಗಿ ಸ್ವಲ್ಪ ಹೊತ್ತು ಬಿಲ್ಲಿಂಗ್ ನಿಲ್ಲಿಸಬೇಕಿತ್ತು. ಅಂಗಡಿ ಮುಚ್ಚುವುದು ತಿಂಗಳಿಗೊಮ್ಮೆ, ಅಮಾವಾಸ್ಯೆಯಂದು. ಆ ದಿನ ಹೋದರೆ ಸರ್ವರ್‌ಗೆ ಹೂವಿನ ಹಾರ, ಮುಂದೆ ಊದುಬತ್ತಿ.

“ಅಕ್ಕಾರ, ಅಮಾಸಿ ದಿನ ಮಷಿನ್‌ಗೆ ಪೂಜಿ ಮಾಡ್ತೀವಿ. ಅವತ್ತ ಅದನ್ನ ಬಿಚ್ಚೋದು, ಕೆಡವೋದು ಬ್ಯಾಡ್ರಿ. ಮುಂದ ನೋಡೂಣು,” ಎಂದರು ಶರಣಪ್ಪನವರು.

ಬೇರೆ ದಿನ ಅಂಗಡಿ ತೆರೆದಿರುತ್ತದೆ, ಮುಚ್ಚಿದ ದಿನ ಮುಟ್ಟುವಂತಿಲ್ಲ. ಪ್ರತಿ ತಿಂಗಳು ಇದೇ ರಾಗ. ದಿನವೂ ಬೆಳಿಗ್ಗೆ ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತಿನ ಮೇಲ್ ಅವರಿಗೆ ಬರುತ್ತಿತ್ತು. ಅದರ ಫೋಟೋ ಹೊಡೆದು, ಕೈ ಮುಗಿದ ಚಿತ್ರದೊಂದಿಗೆ ನನಗೆ ವಾಟ್ಸಾಪ್ ಮಾಡುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಬೇಸಿಗೆಯಲ್ಲಿ ಸರ್ವರ್‌ನ ಡಿಸ್ಕ್‌ಗಳು ಒಂದರ ಹಿಂದೆ ಒಂದು ಕೈಕೊಟ್ಟವು. ಹೊಸ ಡಿಸ್ಕ್ ಹಾಕಿ ರಿಸ್ಟೋರ್ ಮಾಡಿದೆವು. ಮೂರು ಮಷಿನ್‌ಗಳು ಎದ್ದವು. ಬಿಲ್ಲಿಂಗ್ ಮಷಿನ್ ಕೂಡ ಎದ್ದಿತು, ಆದರೆ ಒಳಗೆ ಡೇಟಾ ಇರಲಿಲ್ಲ. ಸೇಲ್ಸ್‌ನವನಿಗೆ ಫೋನ್ ಮಾಡಿದರೆ, ರಿಪೋರ್ಟಿನ ಕೊನೇ ಪುಟದಲ್ಲಿ ಎಚ್ಚರಿಕೆ ಹಾಕಿದ್ದೆವಲ್ಲ ಮೇಡಂ ಎಂದ. ಮೇಲೆ ಹಸಿರು ಗುರುತು ಹಾಕಿ ಕೆಳಗೆ ಸಣ್ಣಕ್ಷರದಲ್ಲಿ ಸತ್ಯ ಬರೆಯುವವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿದೆ, ಇಲ್ಲಿ ಬರೆಯಲಾರೆ. ಕೆಟ್ಟ ಡಿಸ್ಕ್‌ಗಳನ್ನು ಡೇಟಾ ತೆಗೆಯುವ ಲ್ಯಾಬಿಗೆ ಕಳಿಸಿದೆವು. ಕೆಲವು ದಿನ ಬೇಕು ಎಂದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಔಷಧಿ ತಯಾರಕರಿಂದ ಸಂದೇಶ ಬಂತು. ಮಕ್ಕಳ ಕೆಮ್ಮಿನ ಸಿರಪ್‌ನ ಒಂದು ಬ್ಯಾಚ್‌ನಲ್ಲಿ ದೋಷವಿದೆ, ಮಾರಾಟ ತಕ್ಷಣ ನಿಲ್ಲಿಸಿ ವಾಪಸ್ ತರಿಸಿ ಎಂದು. ನಾನು ಅಂಗಡಿಗೆ ಓಡಿದೆ. ಶರಣಪ್ಪನವರು ಗಲ್ಲಾದ ಮುಂದೆ ಸುಮ್ಮನೆ ಕುಳಿತಿದ್ದರು.

“ನಾಕ್ ದಿನದಾಗ ಡೇಟಾ ಬರ್ತೈತ್ರೀ,” ಎಂದರು. “ಯಾರಿಗೆ ಹೋಗೇತಿ ಅಂತ ಗೊತ್ತಿಲ್ದ ಊರಿಗೆಲ್ಲ ಫೋನ್ ಹಚ್ಚಿದ್ರ ನಮ್ಮ ಹೆಸರು ಏನಾಗಬೇಕು?”

ಜೀವನದಲ್ಲಿ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

“ಡೇಟಾ ಕಾಯ್ತೈತ್ರಿ, ಬಾಟ್ಲಿ ಕಾಯಂಗಿಲ್ಲ,” ಎಂದೆ. “ಯಾರದರ ಮನ್ಯಾಗ ಈಗ ಕೂಸಿಗೆ ಕುಡಸಾಕತ್ತಿರತಾರ. ನೀವು ಫೋನ್ ಹಚ್ಚತೀರೋ, ನಾ ಡ್ರಗ್ ಇನ್‌ಸ್ಪೆಕ್ಟರ್‌ಗೆ ಹಚ್ಚಲೋ?”

ಆಮೇಲೆ ಎಲ್ಲರೂ ಫೋನ್ ಹಿಡಿದೆವು. ಯಾರಿಗೆ ಮೊದಲು ಮಾಡಬೇಕೆಂದು ತಿಳಿಯುವಂತಿರಲಿಲ್ಲ. ಕೋಠಿಯ ಅಂಗಡಿಗಳಿಂದ ಶುರು ಮಾಡಿ ಒಂದೊಂದೇ ಬಡಾವಣೆ ದಾಟುತ್ತ ಹೋದೆವು. ಹೆಚ್ಚಿನವರು ಆ ಬ್ಯಾಚ್ ನಮ್ಮಲ್ಲಿಲ್ಲ ಎಂದರು. ದಿಲ್‌ಸುಖ್‌ನಗರ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಲ್ಲಿನ ಒಬ್ಬ ಮೆಡಿಕಲ್‌ನವನು, ಈಗ ಊಟಕ್ಕೆ ಮುಂಚೆ ಪಕ್ಕದ ಗಲ್ಲಿಯ ಹೆಂಗಸಿಗೆ ಒಂದು ಬಾಟಲಿ ಕೊಟ್ಟೆನಲ್ಲ ಎಂದ. ಫೋನ್ ಇಡದೆಯೇ ಅಂಗಡಿ ಬಿಟ್ಟು ಓಡಿದ. ಆ ತಾಯಿ ಮಗಳಿಗೆ ಆಗಲೇ ಒಂದು ಸಲ ಕುಡಿಸಿದ್ದಳು.

ಮಗುವಿಗೆ ವಾಂತಿ ಶುರುವಾಗಿ ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಗೆ ಹೋದದ್ದು ಒಂದೇ ಡೋಸ್, ಮಗು ಉಳಿಯಿತು. ನಾನು ನೋಡಲು ಹೋದಾಗ ತಾಯಿ ಕೂಗಾಡಲಿಲ್ಲ. ಯಾವ ಬಾಟಲಿ ಎಲ್ಲಿಗೆ ಹೋಯಿತೆಂದು ನೀವು ಬರೆದಿಟ್ಟುಕೊಳ್ಳುವುದಿಲ್ಲವೇ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು. ಬರೆದಿಟ್ಟಿದ್ದೆವು ಎಂದು ಅವಳಿಗೆ ಹೇಳುವ ಮುಖ ನನಗಿರಲಿಲ್ಲ.

ಕೊನೆಗೆ ಲ್ಯಾಬಿನಿಂದ ಡೇಟಾ ಬಂತು. ಆ ಬ್ಯಾಚ್ ಹೋಗಿದ್ದದ್ದು ಬೆರಳೆಣಿಕೆಯ ಅಂಗಡಿಗಳಿಗೆ. ಮೊದಲನೆಯದೇ ದಿಲ್‌ಸುಖ್‌ನಗರದ್ದು. ಅಂದು ಬೆಳಿಗ್ಗೆ ಡೇಟಾ ಇದ್ದಿದ್ದರೆ ನಮ್ಮ ಮೊದಲ ಫೋನ್ ಅಲ್ಲಿಗೇ ಹೋಗುತ್ತಿತ್ತು, ಆ ಬಾಟಲಿ ಇನ್ನೂ ಕಪಾಟಿನಲ್ಲಿರುತ್ತಿತ್ತು. ಶರಣಪ್ಪನವರನ್ನು ಪರದೆಯ ಮುಂದೆ ಕೂರಿಸಿ ಅದನ್ನು ಓದಿಸಿದೆ. ಅವರು ಓದಿ, ಏಜೆಂಟ್ ಹಾಕಿಬಿಡಿ ಎಂದರು. ನನ್ನ ಸಿಟ್ಟೇನೂ ಇಳಿಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಬ್ಯಾಕಪ್ ಮಾರಲು ಬಂದವನನ್ನು, ಇದು ಏನನ್ನು ಬಿಟ್ಟುಬಿಡುತ್ತದೆ ಎಂದು ಕೇಳಿ. ಆಮೇಲೆ ಅವನ ಉತ್ತರವನ್ನು ನಂಬದೆ ನಿಮ್ಮದೇ ಡೇಟಾ ರಿಸ್ಟೋರ್ ಮಾಡಿ ನೋಡಿ.

ಈಗ ಬಿಲ್ಲಿಂಗ್ ಮಷಿನ್‌ನಲ್ಲಿ ಏಜೆಂಟ್ ಇದೆ. ಪ್ರತಿ ಅಮಾವಾಸ್ಯೆ ಪೂಜೆಗೆ ಮುಂಚೆ ರಿಸ್ಟೋರ್ ಮಾಡಿ, ಎದ್ದ ಮಷಿನ್‌ನಲ್ಲಿ ಆ ಸಿರಪ್‌ನ ಬ್ಯಾಚನ್ನೇ ಹುಡುಕುತ್ತೇನೆ. ದಿಲ್‌ಸುಖ್‌ನಗರದ ಅಂಗಡಿಯ ಹೆಸರು ಪರದೆಯ ಮೇಲೆ ಬರುವವರೆಗೆ ಶರಣಪ್ಪನವರು ತೆಂಗಿನಕಾಯಿ ಕೈಯಲ್ಲಿ ಹಿಡಿದು ನಿಂತಿರಬೇಕು.